ಥಾರ್ ಮರುಭೂಮಿಯ ಮೂವರು ದಾಯಾದಿಗಳು

ಜೋಧಪುರದಿಂದ ಜೈಸಲ್ಮೇರಿಗೆ ಹೋಗುವ ರೈಲುಗಾಡಿಯು ಫಲೋದಿ, ಪೋಕರಣಗಳನ್ನು ಹಾದು ಸುಮಾರು 300 ಕಿಲೋಮೀಟರು ದೂರವನ್ನು ಕ್ರಮಿಸುತ್ತದೆ. ವೈಶಾಖದ ಬಿಸಿಲಿನಲ್ಲಿ ಈ ದಾರಿ ಹಿಡಿದವನಿಗೆ ಕಾಣುವುದು ಧೂಳು, ಬಿಸಿಗಾಳಿ, ಅಲ್ಲೊಂದು ಇಲ್ಲೊಂದು ಶಮೀವೃಕ್ಷ, ಇಷ್ಟೇ. ಅದೇ ಪ್ರಯಾಣಿಕನು ನಾಲ್ಕು ತಿಂಗಳು ಕಳೆದು, ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ, ಭಾದ್ರಪದದಲ್ಲಿ ಬಂದನೆಂದರೆ ತನ್ನ ಕಣ್ಣನ್ನು ತಾನೇ ನಂಬಲಾರ. ಹಳಿಯ ಎರಡು ಕಡೆಯಲ್ಲಿಯೂ ಹಸಿರು; ಮರಳುದಿಬ್ಬದ ತಪ್ಪಲಿನಲ್ಲಿ ಹಸಿರು; ಕುರಿಹಿಂಡುಗಳ ಕಾಲಡಿಯಲ್ಲಿ ಹಸಿರು. ‘ಇದನ್ನೇಕೆ ಮರುಭೂಮಿಯೆನ್ನುತ್ತಾರೆ?’ ಎಂದು ಕಿಟಕಿಯ ಬಳಿ ಕುಳಿತ ಮಗು ಕೇಳಿದರೆ ತಂದೆತಾಯಿಗಳಿಗೆ ಉತ್ತರ ತೋಚುವುದು ಕಷ್ಟ.

ಆದರೆ ಆ ನಾಡಿನ ಕುರುಬನನ್ನು ಕೇಳಿದರೆ ಅವನು ಈ ಹಸಿರನ್ನೆಲ್ಲ ಒಂದೇ ಮಾತಿನಲ್ಲಿ ಹೊಗಳುವುದಿಲ್ಲ. ಒಂದು ಕಡೆ ಕೈತೋರಿಸಿ ‘ಧಾಮಣ’ ಎನ್ನುತ್ತಾನೆ. ಇನ್ನೊಂದು ಕಡೆ ತೋರಿಸಿ ‘ಮೋಡಾ ಧಾಮಣ’ ಎನ್ನುತ್ತಾನೆ. ಮತ್ತೊಂದು ಬಯಲನ್ನು ನೋಡಿ ಮುಖ ಸಿಂಡರಿಸಿ ‘ಭುರಟ’ ಎನ್ನುತ್ತಾನೆ. ರೈಲಿನಿಂದ ನೋಡುವವನ ಕಣ್ಣಿಗೆ ಮೂರೂ ಒಂದೇ. ಸಸ್ಯಶಾಸ್ತ್ರಜ್ಞನ ಪುಸ್ತಕದಲ್ಲಿಯೂ ಮೂರಕ್ಕೂ ಮನೆತನದ ಹೆಸರು ಒಂದೇ: ‘ಸೆಂಕ್ರಸ್’. ಆದರೆ ಇವುಗಳಲ್ಲಿ ಯಾವುದು ಎಲ್ಲಿ ನಿಂತಿದೆ ಎಂಬುದರ ಮೇಲೆ ಬರುವ ಬೇಸಗೆಯಲ್ಲಿ ಆ ನೆಲ ಉಳಿಯುವುದೋ ಹಾರಿಹೋಗುವುದೋ ಎಂಬುದು ನಿರ್ಧಾರವಾಗುತ್ತದೆ.

ಒಂದೇ ಮನೆಯ ಹೆಸರು

‘ಸೆಂಕ್ರಸ್’ ಎಂಬುದು ಗ್ರೀಕ್ ಭಾಷೆಯಲ್ಲಿ ಕಿರುಧಾನ್ಯಕ್ಕಿರುವ ಹೆಸರಿನಿಂದ ಬಂದ ಮಾತು. ಈ ಹೆಸರಿಗೆ ಇತ್ತೀಚೆಗೆ ಒಂದು ಹೊಸ ಅರ್ಥ ಕೂಡಿಬಂದಿದೆ. 2010ರಲ್ಲಿ ಸಸ್ಯವಿಜ್ಞಾನಿಗಳು ಹುಲ್ಲುಗಳ ವಂಶವನ್ನು ಶೋಧಿಸಿ, ಅದುವರೆಗೆ ಬೇರೆಯೆಂದು ಎಣಿಸಿದ್ದ ‘ಪೆನಿಸೆಟಮ್’ ಕುಲವನ್ನು ಸೆಂಕ್ರಸ್ ಕುಲದೊಳಕ್ಕೆ ಸೇರಿಸಿದರು. ಇದರ ಫಲವಾಗಿ ರಾಜಸ್ಥಾನದ ಬಾಜ್ರಾ, ಎಂದರೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ರೊಟ್ಟಿಯಾಗುವ ಸಜ್ಜೆ, ಇದೇ ಮನೆತನದ ಬೆಳೆಯೆನಿಸಿತು. ಮರುಭೂಮಿಯಲ್ಲಿ ಕುರಿ ಮೇಯುವ ಹುಲ್ಲಿಗೂ ಸಂಕ್ರಾಂತಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗೂ ನೆಂಟಸ್ತನ ಇರುವುದನ್ನು ಗೃಹಿಣಿಯರು ಊಹಿಸಿರಲಾರರು.

ಮನೆತನ ಒಂದಾದರೂ ಸ್ವಭಾವ ಒಂದಲ್ಲ. ಧಾಮಣಕ್ಕೆ 1771ರಲ್ಲಿ ಸ್ವೀಡನ್ನಿನ ಲಿನಿಯಸ್ ‘ಸೆಂಕ್ರಸ್ ಸಿಲಿಯಾರಿಸ್’ ಎಂದು ಹೆಸರಿಟ್ಟನು. ಸಿಲಿಯಾರಿಸ್ ಎಂದರೆ ಕಣ್ಣಿನ ರೆಪ್ಪೆಗೂದಲಿನಂತಹುದು. ಮೋಡಾ ಧಾಮಣಕ್ಕೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮಾರ್ಟಿನ್ ವಾಲ್ ಎಂಬ ವಿದ್ವಾಂಸನು ‘ಸೆಂಕ್ರಸ್ ಸೆಟಿಜರಸ್’, ಬಿರುಗೂದಲು ಹೊತ್ತದ್ದು, ಎಂದು ಹೆಸರು ಕೊಟ್ಟನು. ಭುರಟಕ್ಕೆ ‘ಸೆಂಕ್ರಸ್ ಬೈಫ್ಲೋರಸ್’ ಎಂದು ಹೆಸರಿಟ್ಟವನು ವಿಲಿಯಂ ರಾಕ್ಸ್‌ಬರ್ಗ್. ಕಲ್ಕತ್ತೆಯ ಸಸ್ಯೋದ್ಯಾನವನ್ನು ಹಲವು ವರ್ಷ ನಡೆಸಿದ ಈತನು ತೀರಿಕೊಂಡ ಮೇಲೆ, 1820ರಲ್ಲಿ, ಅವನ ‘ಫ್ಲೋರಾ ಇಂಡಿಕಾ’ ಗ್ರಂಥದ ಮೊದಲ ಸಂಪುಟ ಶ್ರೀರಾಮಪುರದಲ್ಲಿ ಅಚ್ಚಾಯಿತು. ಹೀಗೆ ಮೂವರು ಪಂಡಿತರು ಹೆಸರಿಟ್ಟ ಮೂರು ಹುಲ್ಲುಗಳನ್ನು ಅಕ್ಷರ ತಿಳಿಯದ ಕುರುಬರು ಅದಕ್ಕಿಂತ ಎಷ್ಟೋ ಮೊದಲೇ ಬೇರೆಬೇರೆಯಾಗಿ ಬಲ್ಲವರಾಗಿದ್ದರು.

ತೆನೆಯ ಪರೀಕ್ಷೆ

ಈ ಹುಲ್ಲುಗಳನ್ನು ಗುರುತಿಸಲು ಎಲೆಯನ್ನು ನೋಡಿ ಪ್ರಯೋಜನವಿಲ್ಲ. ಮೂರರ ಎಲೆಯೂ ಉದ್ದವಾಗಿ, ಇಕ್ಕಟ್ಟಾಗಿ, ತುದಿ ಮೊನಚಾಗಿ ಇರುತ್ತದೆ. ಎತ್ತರವನ್ನು ನಂಬುವಂತಿಲ್ಲ, ಕುರಿ ಮೇಯ್ದ ಹುಲ್ಲು ಗೇಣುದ್ದಕ್ಕೆ ನಿಲ್ಲುತ್ತದೆ, ಮೇಯದ ಹುಲ್ಲು ಸೊಂಟದವರೆಗೆ ಬರುತ್ತದೆ. ಬಣ್ಣವನ್ನಂತೂ ನಂಬಲೇಬಾರದು. ಮೋಡಾ ಧಾಮಣದ ತೆನೆ ಬಲಿತಾಗ ಕಪ್ಪು ಮಿಶ್ರಿತ ನೇರಳೆಯಾಗುವುದೇನೋ ನಿಜ. ಆದರೆ ಧಾಮಣದ ತೆನೆಯೂ ಕೆಲವೆಡೆ ಹುಲ್ಲುಹಳದಿ, ಕೆಲವೆಡೆ ನೇರಳೆ. ಆದ್ದರಿಂದ ಹುಲ್ಲನ್ನು ಬಲ್ಲವರು ತೆನೆಯನ್ನೇ ಹಿಡಿಯುತ್ತಾರೆ. ಪರೀಕ್ಷೆಗೆ ತಕ್ಕ ಕಾಲ ಸೆಪ್ಟೆಂಬರ್ ತಿಂಗಳು. ಬೇಕಾದ ಉಪಕರಣ ಹೆಬ್ಬೆರಳು, ತೋರುಬೆರಳು. ಒಂದು ಭೂತಗಾಜು ಜೊತೆಗಿದ್ದರೆ ಇನ್ನೂ ಉತ್ತಮ.

ಮೂರು ಹುಲ್ಲಿನಲ್ಲಿಯೂ ಕಾಳನ್ನು ಹೊತ್ತ ಕಿರುತೆನೆಗಳ ಸುತ್ತ ಬಿರುಗೂದಲುಗಳ ಒಂದು ಬೇಲಿಯಿರುತ್ತದೆ. ಆ ಬೇಲಿ ಹೇಗಿದೆಯೆಂಬುದೇ ಗುರುತು.

ಧಾಮಣದ ತೆನೆ ನರಿಯ ಬಾಲದಂತೆ ಮೃದು. ಅದರ ಬಿರುಗೂದಲುಗಳು ಕಾಳಿಗಿಂತ ಬಹಳ ಉದ್ದ. ಒಂದಕ್ಕೊಂದು ಅಂಟಿಕೊಂಡಿರುವುದು ಬುಡದ ತುದಿಯಲ್ಲಿ ಮಾತ್ರ. ಒಳಸಾಲಿನ ಗೂದಲುಗಳ ಕೆಳಭಾಗದಲ್ಲಿ ಎರಡೂ ಅಂಚಿಗೆ ನವುರಾದ ರೋಮಗಳಿರುತ್ತವೆ. ಲಿನಿಯಸ್ ರೆಪ್ಪೆಗೂದಲಿನ ಹೆಸರಿಟ್ಟದ್ದು ಇದಕ್ಕೇ ತಕ್ಕುದಾಗಿದೆ. ಅಂಗೈಯಲ್ಲಿ ಹಿಸುಕಿದರೂ ಅದು ಚುಚ್ಚುವುದಿಲ್ಲ.

ಮೋಡಾ ಧಾಮಣದಲ್ಲಿ ಬಿರುಗೂದಲುಗಳು ಗಿಡ್ಡ. ಕಾಳಿನ ಎತ್ತರವನ್ನು ಹೆಚ್ಚಾಗಿ ಮೀರುವುದಿಲ್ಲ. ಅವು ಚಪ್ಪಟೆಯಾಗಿ, ಗಟ್ಟಿಯಾಗಿ, ಕೆಳಗಿನ ಅರ್ಧದಷ್ಟು ಭಾಗದವರೆಗೂ ಒಂದಕ್ಕೊಂದು ಬೆಸೆದುಕೊಂಡು ಪುಟ್ಟ ಬಟ್ಟಲೊಂದನ್ನು ಕಟ್ಟಿರುತ್ತವೆ. ಕಾಳು ಆ ಬಟ್ಟಲೊಳಗೆ ಕುಳಿತಿರುತ್ತದೆ. ತೆನೆಯ ಮೇಲೆ ಬೆರಳಾಡಿಸಿದರೆ ಒರಟು ತಿಳಿಯುತ್ತದೆ. ಆದರೂ ಚರ್ಮಕ್ಕೆ ನಾಟುವುದಿಲ್ಲ.

ಭುರಟದ ಪರೀಕ್ಷೆಗೆ ಯಾರೂ ಹೆಣಗಬೇಕಾಗಿಲ್ಲ. ಅದು ತಾನಾಗಿಯೇ ಬಂದು ಪರಿಚಯ ಮಾಡಿಕೊಳ್ಳುತ್ತದೆ. ಹತ್ತು ಹೆಜ್ಜೆ ನಡೆದರೆ ಪಂಚೆಯ ಅಂಚು, ಸೀರೆಯ ನೆರಿಗೆ, ಕಾಲುಚೀಲ ಎಲ್ಲಕ್ಕೂ ಮುಳ್ಳುಕಾಳುಗಳು ಹತ್ತಿರುತ್ತವೆ. ಕನ್ನಡನಾಡಿನ ಬೇಲಿಬದಿಯ ಉತ್ತರಾಣಿಯೂ ಬಟ್ಟೆಗೆ ಹತ್ತುವುದುಂಟು. ಭುರಟದ ಮುಂದೆ ಅದು ಸಾಧುಪ್ರಾಣಿ. ಭುರಟದ ಒಂದೊಂದು ಮುಳ್ಳಿನ ಮೈಮೇಲೆಯೂ ಬುಡದ ಕಡೆಗೆ ಬಾಗಿದ ಅತಿ ಸಣ್ಣ ಕೊಕ್ಕೆಗಳಿವೆ. ತುದಿಯಿಂದ ಬುಡಕ್ಕೆ ಬೆರಳೆಳೆದರೆ ನುಣುಪು. ಬುಡದಿಂದ ತುದಿಗೆ ಎಳೆದರೆ ಕೊಕ್ಕೆ ಹಿಡಿಯುತ್ತದೆ. ಮೀನಿನ ಗಾಳದ ಹಾಗೆ ಒಳಹೋಗುವುದು ಸುಲಭ, ಹೊರಬರುವುದು ಕಷ್ಟ. ಉಳಿದೆರಡು ಹುಲ್ಲುಗಳಲ್ಲಿ ಈ ಹಿಮ್ಮೊಗದ ಕೊಕ್ಕೆಗಳಿಲ್ಲ. ಭೂತಗಾಜಿನಲ್ಲಿ ನೋಡಿದವರಿಗೆ ಇದೊಂದೇ ಗುರುತು ಸಾಕು.

ಇದೇ ಭುರಟ ಆಫ್ರಿಕದ ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿಯೂ ಹಬ್ಬಿಕೊಂಡಿದೆ. 1850ರಿಂದ 1855ರವರೆಗೆ ಆ ಸೀಮೆಯಲ್ಲಿ ಸಂಚರಿಸಿದ ಜರ್ಮನಿಯ ಹೈನ್‌ರಿಕ್ ಬಾರ್ತ್ ತನ್ನ ಪ್ರವಾಸಗ್ರಂಥದಲ್ಲಿ ‘ಕರೆಂಗಿಯ’ ಎಂಬ ಸ್ಥಳೀಯ ಹೆಸರಿನಿಂದ ಇದನ್ನು ಕರೆದು, ಇದರ ಕಾಟವನ್ನು ದೂರಿಕೊಂಡಿದ್ದಾನೆ. ಮುಳ್ಳು ಕೀಳುವ ಚಿಮ್ಮಟವು ಆ ಸೀಮೆಯಲ್ಲಿ ಪ್ರಯಾಣಿಕನಿಗೆ ಅತ್ಯವಶ್ಯಕವಾದ ವಸ್ತು.

ಬೇರಿನ ಪರೀಕ್ಷೆ

ಇಷ್ಟಾದರೆ ಇದು ಕೇವಲ ಸಸ್ಯಶಾಸ್ತ್ರದ ವಿನೋದವಾಗುತ್ತಿತ್ತು. ಮುಖ್ಯವಾದ ಭೇದ ತೆನೆಯಲ್ಲಿಲ್ಲ, ನೆಲದೊಳಗಿದೆ.

ಧಾಮಣ, ಮೋಡಾ ಧಾಮಣಗಳು ವರ್ಷದಿಂದ ವರ್ಷಕ್ಕೆ ಬಾಳುವ ಹುಲ್ಲುಗಳು. ಬೇಸಗೆಯಲ್ಲಿ ಮೇಲಿನ ದಂಟು ಒಣಗಿ ಕಡ್ಡಿಯಾದರೂ ಬುಡದ ಗಂಟು ಜೀವ ಹಿಡಿದಿರುತ್ತದೆ; ಬೇರಿನ ಜಾಲ ಮರಳನ್ನು ಬಿಗಿದಿಟ್ಟಿರುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದೇ ಗಂಟಿನಿಂದ ಹೊಸ ಎಲೆ ಚಿಗುರುತ್ತದೆ. ಧಾಮಣಕ್ಕೆ ಮರಳುಮಿಶ್ರಿತ ಗೋಡುಮಣ್ಣು ಪ್ರಿಯ. ಮೋಡಾ ಧಾಮಣ ಅದಕ್ಕಿಂತ ಬಡವಾದ, ಹರಳುಗಲ್ಲಿನ ನೆಲದಲ್ಲಿಯೂ ಹೊಂದಿಕೊಂಡು ಬಾಳುತ್ತದೆ.

ಭುರಟ ಒಂದೇ ಮಳೆಗಾಲದ ಅತಿಥಿ. ಆಷಾಢದಲ್ಲಿ ಮೊಳೆತು ಆಶ್ವಯುಜದ ವೇಳೆಗೆ ಕಾಳುದುರಿಸಿ ಒಣಗುತ್ತದೆ. ಗಿಡವನ್ನು ಹಿಡಿದೆಳೆದರೆ ಒಂದು ಚಿಟಿಕೆ ಬೇರಿನೊಡನೆ ಸಲೀಸಾಗಿ ಕೈಗೆ ಬರುತ್ತದೆ. ಅದು ಹೋದ ಮೇಲೆ ಮರಳನ್ನು ಹಿಡಿಯುವವರು ಯಾರೂ ಇಲ್ಲ. ಮೇ, ಜೂನ್ ತಿಂಗಳ ಬಿರುಗಾಳಿ ಆ ನೆಲವನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬರ ಹೊಲದ ಮೇಲೆ ಸುರಿಯುತ್ತದೆ.

ಒಂದು ಬಯಲಿನಲ್ಲಿ ಮಿತಿಮೀರಿ ದನಕುರಿಗಳು ಮೇಯ್ದಾಗ ಮೊದಲು ಸೋಲುವುದು ಒಳ್ಳೆಯ ಹುಲ್ಲು. ಧಾಮಣವನ್ನು ಕುರಿಗಳು ಹುಡುಕಿ ತಿನ್ನುತ್ತವೆ. ಬುಡದವರೆಗೆ ಮತ್ತೆಮತ್ತೆ ಕಚ್ಚಿಸಿಕೊಂಡ ಗಂಟು ಬೇರಿನಲ್ಲಿ ಆಹಾರವನ್ನು ಕೂಡಿಡಲಾರದೆ ಸಾಯುತ್ತದೆ. ಮುಳ್ಳುಕಾಳು ಕಟ್ಟಿದ ಭುರಟವನ್ನು ಪ್ರಾಣಿಗಳು ಮುಟ್ಟುವುದಿಲ್ಲ. ಮುಟ್ಟದಿರುವುದಷ್ಟೇ ಅಲ್ಲ, ತಮ್ಮ ಉಣ್ಣೆಗೆ ಅಂಟಿಸಿಕೊಂಡು ಊರೂರಿಗೆ ಹೊತ್ತು ಅದರ ಬಿತ್ತನೆಯನ್ನೂ ಮಾಡುತ್ತವೆ. ಹೀಗೆ ಹಿರಿಯ ದಾಯಾದಿಗಳ ಆಸ್ತಿ ಕಿರಿಯನ ಪಾಲಾಗುತ್ತದೆ. ರಾಜಸ್ಥಾನದ ಉಣ್ಣೆಯಲ್ಲಿ ಸಿಕ್ಕಿಕೊಳ್ಳುವ ಈ ಮುಳ್ಳುಗಳನ್ನು ಬಿಡಿಸುವುದೇ ಒಂದು ಕೆಲಸ. ಮುಳ್ಳು ಹೆಚ್ಚಾದಷ್ಟೂ ಉಣ್ಣೆಯ ಬೆಲೆ ಕಡಿಮೆ.

ಇಲ್ಲಿಯೇ ಕಣ್ಣು ಮೋಸಹೋಗುವುದು. ಧಾಮಣ ತುಂಬಿದ ಬಯಲೂ ಭಾದ್ರಪದದಲ್ಲಿ ಹಸಿರು. ಧಾಮಣ ನಾಶವಾಗಿ ಭುರಟ ತುಂಬಿದ ಬಯಲೂ ಭಾದ್ರಪದದಲ್ಲಿ ಹಸಿರು. ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಬಗ್ಗಿ ತೆನೆಯನ್ನು ಹಿಡಿದು ನೋಡಿದವನಿಗೆ ಮಾತ್ರ ಒಂದು ಬಾಳುವ ಮನೆ, ಇನ್ನೊಂದು ಬಾಡಿಗೆಯ ಚಪ್ಪರ ಎಂಬುದು ತಿಳಿಯುತ್ತದೆ.

ಬರಗಾಲದ ಅನ್ನ

ಭುರಟವನ್ನು ಇಷ್ಟು ದೂರಿದ ಮೇಲೆ ಅದರ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ವಿಕ್ರಮ ಸಂವತ್ಸರ 1956ರಲ್ಲಿ, ಎಂದರೆ ಕ್ರಿ.ಶ. 1899–1900ರಲ್ಲಿ, ರಾಜಪುತಾನವನ್ನು ಭೀಕರವಾದ ಕ್ಷಾಮವೊಂದು ಹಿಡಿಯಿತು. ಮಾರವಾಡದ ಜನ ಅದನ್ನು ‘ಛಪ್ಪನಿಯಾ’, ಐವತ್ತಾರರ ಬರ, ಎಂದು ಇಂದಿಗೂ ನೆನೆಯುತ್ತಾರೆ. ಇಂತಹ ಬರಗಾಲಗಳಲ್ಲಿ ಸಜ್ಜೆಯ ಕಣಜ ಬರಿದಾದಾಗ ಬಡವರ ಕೈಹಿಡಿದವುಗಳಲ್ಲಿ ಭುರಟವೂ ಒಂದು. ಮುಳ್ಳುಕಾಳುಗಳನ್ನು ಕೂಡಿಹಾಕಿ, ಒಣಗಿಸಿ, ಕುಟ್ಟಿ, ತೂರಿ, ಒಳಗಿನ ಸಣ್ಣ ಕಾಳನ್ನು ಬಿಡಿಸಿಕೊಂಡು ಹಿಟ್ಟುಮಾಡುತ್ತಿದ್ದರು. ಸಿಕ್ಕಷ್ಟು ಸಜ್ಜೆಯ ಹಿಟ್ಟಿನೊಡನೆ ಬೆರೆಸಿ ರೊಟ್ಟಿ ತಟ್ಟುತ್ತಿದ್ದರು. ಒಂದು ಹಿಡಿ ಹಿಟ್ಟಿಗಾಗಿ ಹೆಂಗಸರ ಬೆರಳುಗಳಲ್ಲಿ ಎಷ್ಟು ಮುಳ್ಳು ನಾಟಿದ್ದವೋ! ಸಹಾರಾದ ಅಂಚಿನ ತುವಾರೆಗ್ ಜನರೂ ಇದೇ ಕಾಳನ್ನು ತಿಂದು ಬದುಕಿದವರು. ಭುರಟವು ಸಜ್ಜೆಯ ಸಂಬಂಧಿಯೆಂಬುದನ್ನು ವಿಜ್ಞಾನ ಹೇಳುವ ಮೊದಲೇ ಹಸಿವು ಕಂಡುಹಿಡಿದಿತ್ತು.

ಮನೆಯ ಯಜಮಾನ, ಸೇವಣ

ಪೋಕರಣವನ್ನು ದಾಟಿ ಜೈಸಲ್ಮೇರಿನ ಪಶ್ಚಿಮಕ್ಕೆ ಹೋದಂತೆ ಮಳೆ ಕ್ಷೀಣಿಸುತ್ತದೆ. ಅಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 200 ಮಿಲಿಮೀಟರಿಗಿಂತಲೂ ಕಡಿಮೆ. ಧಾಮಣದ ಕೈಯೂ ಸೋಲುವ ಈ ಆಳವಾದ ಮರಳಿನಲ್ಲಿ ಬೇರೊಂದು ಕುಲದ ಹುಲ್ಲು ರಾಜ್ಯವಾಳುತ್ತದೆ. ಅದರ ಹೆಸರು ಸೇವಣ. ಶಾಸ್ತ್ರದಲ್ಲಿ ‘ಲ್ಯಾಸಿಯೂರಸ್ ಸಿಂಡಿಕಸ್’. ಸಿಂಧ್ ದೇಶದ ನೆನಪು ಅದರ ಹೆಸರಿನಲ್ಲಿಯೇ ಇದೆ. ಇದರ ತೆನೆ ಧಾಮಣದಂತೆ ಬಿರುಗೂದಲಿನದಲ್ಲ. ಬೆಳ್ಳಿಯಂತಹ ರೇಷ್ಮೆರೋಮಗಳಿಂದ ಮುಚ್ಚಿದ್ದು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಸೇವಣದ ಬಯಲು ಬೆಳ್ಳಗೆ ಹೊಳೆಯುತ್ತದೆ. ಒಂದು ಗಂಟು ಬೇರೂರಿತೆಂದರೆ ಹತ್ತಾರು ವರ್ಷ ಬಾಳಬಲ್ಲುದು. ಥಾರ್‌ಪಾರ್ಕರ್ ಎಂಬ ಹೆಸರಾಂತ ಬಿಳಿಯ ಹಸುಗಳ ತಳಿ ಇಂತಹ ಹುಲ್ಲನ್ನೇ ಮೇಯ್ದು ಹಾಲು ಕೊಟ್ಟದ್ದು.

ಈ ಹುಲ್ಲಿನ ನಡುವೆ ಇನ್ನೊಬ್ಬ ನಿವಾಸಿಯಿದೆ: ಮರುನಾಡಿನವರು ಗೋಡಾವಣ ಎಂದೂ ಕನ್ನಡಿಗರು ಎರೆಭೂತ ಎಂದೂ ಕರೆಯುವ ದೊಡ್ಡ ಹಕ್ಕಿ. ಒಂದು ಕಾಲದಲ್ಲಿ ರಾಣೆಬೆನ್ನೂರಿನ ಬಯಲಿನಲ್ಲಿ ಓಡಾಡಿಕೊಂಡಿದ್ದ, ಬಳ್ಳಾರಿಯ ಸಿರುಗುಪ್ಪದ ಕಡೆ ತೀರ ಅಪರೂಪವಾಗಿರುವ ಈ ಪಕ್ಷಿಯ ಕೊನೆಯ ದೊಡ್ಡ ಆಸರೆ ಜೈಸಲ್ಮೇರಿನ ಹುಲ್ಲುಗಾವಲೇ ಆಗಿದೆ. ಅದು ಮರದಲ್ಲಿ ಗೂಡುಕಟ್ಟುವುದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. 3162 ಚದರ ಕಿಲೋಮೀಟರು ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನದೊಳಗೆ ಸುದಾಸರಿ ಎಂಬಲ್ಲಿ ತಂತಿಬೇಲಿ ಹಾಕಿ ಕಾಪಾಡಿದ ಹುಲ್ಲಿನ ನೆಲೆಯಿದೆ. ಜೈಸಲ್ಮೇರಿನ ಕೋಟೆಯನ್ನೂ ಸಮ್ ಗ್ರಾಮದ ಮರಳುದಿಬ್ಬಗಳನ್ನೂ ನೋಡಿ ಮರಳುವ ಸಾವಿರಾರು ಪ್ರವಾಸಿಗಳು ಸುದಾಸರಿಯ ಬೇಲಿಯ ಬಳಿ ಅರ್ಧ ಗಂಟೆ ನಿಂತರೆ, ಮರುಭೂಮಿಯನ್ನು ಅದರ ಪಾಡಿಗೆ ಬಿಟ್ಟರೆ ಹೇಗಿರುತ್ತದೆಂಬುದು ತಾನಾಗಿಯೇ ಮನಸ್ಸಿಗೆ ಬರುತ್ತದೆ.

ನೀರು ಬಂತು, ಹುಲ್ಲು ಹೋಯಿತು

1958ರಲ್ಲಿ ‘ರಾಜಸ್ಥಾನ ಕಾಲುವೆ’ ಎಂಬ ಹೆಸರಿನಿಂದ ಆರಂಭವಾಗಿ ಆಮೇಲೆ ಇಂದಿರಾ ಗಾಂಧಿ ಕಾಲುವೆ ಎನಿಸಿಕೊಂಡ ಮಹಾ ಕಾಲುವೆಯ ನೀರು 1987ರಲ್ಲಿ ಜೈಸಲ್ಮೇರ್ ಜಿಲ್ಲೆಯ ಮೋಹನಗಢಕ್ಕೆ ಬಂತು. ಹಿಮಾಲಯದ ನದಿಗಳ ನೀರು ಮರಳನ್ನು ಮುಟ್ಟಿದ್ದು ಸಾಮಾನ್ಯವಾದ ಸಾಧನೆಯಲ್ಲ. ಬಾಯಾರಿದ ಹಳ್ಳಿಗಳಿಗೆ ನೀರು ದೊರೆಯಿತು. ಸಾಸಿವೆ, ಗೋಧಿ, ಕಡಲೆ ಬೆಳೆದವು. ಆದರೆ ನೀರು ಹರಿದ ಕಡೆ ಟ್ರ್ಯಾಕ್ಟರಿನ ನೇಗಿಲೂ ಬಂದಿತು. ಸೇವಣದ ಗಂಟು ದಶಕಗಟ್ಟಲೆ ಬಿಸಿಲನ್ನು ತಡೆಯಬಲ್ಲುದು, ಆಳದ ಉಳುಮೆಯನ್ನು ತಡೆಯಲಾರದು. ಕಿತ್ತ ಸೇವಣ ಮತ್ತೆ ತಾನಾಗಿ ಬೇಗನೆ ಬರುವುದಿಲ್ಲ. ಮೊದಲು ಬರುವುದು ಭುರಟದಂತಹ ಒಂದೇ ಋತುವಿನ ಹುಲ್ಲುಗಳು.

ಇಂದು ಈ ಬಯಲುಗಳ ಮೇಲೆ ಸೂರ್ಯಶಕ್ತಿಯ ಫಲಕಗಳೂ ಗಾಳಿಯಂತ್ರಗಳೂ ವಿದ್ಯುತ್ ತಂತಿಗಳೂ ಏಳುತ್ತಿವೆ. ದೇಶಕ್ಕೆ ವಿದ್ಯುತ್ತು ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭಾರವಾದ ಗೋಡಾವಣವು ಹಾರುವಾಗ ತಂತಿಯನ್ನು ದೂರದಿಂದ ಕಾಣಲಾರದೆ ಬಡಿದು ಸಾಯುತ್ತದೆ. 2021ರಲ್ಲಿ ಈ ವಿಷಯ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯವರೆಗೆ ಹೋಯಿತು. ಇದರ ಮೂಲದಲ್ಲಿ ಒಂದು ಶಬ್ದದ ತೊಡಕೂ ಇದೆ. ಮರವಿಲ್ಲದ, ಉಳದ ನೆಲವೆಲ್ಲ ಸರ್ಕಾರಿ ದಾಖಲೆಗಳಲ್ಲಿ ಬಹುಮಟ್ಟಿಗೆ ‘ಪಾಳುಭೂಮಿ’ ಎನಿಸಿಕೊಳ್ಳುತ್ತದೆ. ಸೇವಣ ತುಂಬಿದ ಬಯಲಿಗೂ ಬರಿಯ ಮರಳಿಗೂ ಆ ಶಬ್ದದಲ್ಲಿ ಭೇದವಿಲ್ಲ. ಪಾಳು ಎಂದ ಮೇಲೆ ಅದನ್ನು ಯಾವುದಕ್ಕಾದರೂ ಕೊಡಬಹುದಲ್ಲವೆ?

ಹಳ್ಳಿಯ ಜನರ ಲೆಕ್ಕ ಬೇರೆ. ಅವರು ಹಿಂದಿನಿಂದಲೂ ಕೆಲವು ಬಯಲುಗಳನ್ನು ದೇವರ ಹೆಸರಿನಲ್ಲಿ ‘ಓರಣ’ ಎಂದು ಬಿಟ್ಟುಕೊಂಡು ಬಂದಿದ್ದಾರೆ. ಕೊಡಗಿನ ದೇವರಕಾಡುಗಳಂತೆಯೇ ಇವೂ. ಕಾಡಿನ ಬದಲು ಇಲ್ಲಿ ಹುಲ್ಲು, ಕುರುಚಲು, ಶಮೀವೃಕ್ಷ. ಅಲ್ಲಿ ದನ ಮೇಯಬಹುದು, ಮರ ಕಡಿಯಬಾರದು, ನೇಗಿಲು ಹೂಡಬಾರದು. ಹಲವು ಓರಣಗಳಲ್ಲಿ ಇಂದಿಗೂ ಧಾಮಣ, ಸೇವಣಗಳು ಉಳಿದಿರುವುದು ಈ ಕಟ್ಟುಪಾಡಿನ ಫಲ.

ಬೀಜ ಬಿತ್ತುವವರು

ಕಳೆದುಕೊಂಡ ಹುಲ್ಲನ್ನು ಮತ್ತೆ ತರುವ ಪ್ರಯತ್ನವೂ ನಡೆದಿದೆ. ಮರಳು ಹಬ್ಬುವುದನ್ನು ತಡೆಯಲೆಂದು 1952ರಲ್ಲಿ ಜೋಧಪುರದಲ್ಲಿ ತೆರೆದ ಅರಣ್ಯೀಕರಣ ಕೇಂದ್ರವು 1959ರಲ್ಲಿ ಕೇಂದ್ರೀಯ ಶುಷ್ಕವಲಯ ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. ಇಲ್ಲಿಯ ವಿಜ್ಞಾನಿಗಳು ಕಾಡುಹುಲ್ಲುಗಳನ್ನು ತಂದು ಬೆಳೆಸಿ, ಆರಿಸಿ, ಸೆಂಕ್ರಸ್ ಸಿಲಿಯಾರಿಸಿನಿಂದ ‘ಮಾರವಾಡ ಅಂಜನ್’, ಸೆಂಕ್ರಸ್ ಸೆಟಿಜರಸಿನಿಂದ ‘ಮಾರವಾಡ ಧಾಮಣ’ ಎಂಬ ತಳಿಗಳನ್ನು ಹೊರತಂದರು. ಹಳ್ಳಿಯವರು ಧಾಮಣವೆನ್ನುವ ಹುಲ್ಲು ಇಲ್ಲಿ ಅಂಜನ್ ಆಯಿತು. ಮೋಡಾ ಧಾಮಣ ಬರಿಯ ಧಾಮಣವಾಯಿತು! ಬೀಜದ ಚೀಲವನ್ನು ಕೊಳ್ಳುವವನು ಹೆಸರನ್ನು ನಂಬದೆ ಒಂದು ಕಾಳನ್ನು ಅಂಗೈಯಲ್ಲಿಟ್ಟು ಬಟ್ಟಲಿದೆಯೋ ರೆಪ್ಪೆಗೂದಲಿದೆಯೋ ನೋಡಿಕೊಳ್ಳುವುದು ಕ್ಷೇಮ.

ಧಾಮಣದ ಬೀಜ ಹತ್ತಿಯ ಎಳೆಯಷ್ಟು ಹಗುರ. ಬರಿದೆ ಎರಚಿದರೆ ಗಾಳಿಗೆ ಹಾರಿಹೋಗುತ್ತದೆ. ಅದಕ್ಕಾಗಿ ಜೇಡಿಮಣ್ಣು, ಸಗಣಿ, ಮರಳುಗಳೊಡನೆ ಬೆರೆಸಿ ಗುಳಿಗೆ ಮಾಡಿ ಬಿತ್ತುವ ಕ್ರಮವಿದೆ. ಈ ಹುಲ್ಲಿನ ಇನ್ನೊಂದು ವಿಚಿತ್ರವೆಂದರೆ, ಬಹುಪಾಲು ಇದು ಗಂಡುಹೆಣ್ಣಿನ ಸಂಯೋಗವಿಲ್ಲದೆಯೇ ಬೀಜ ಕಟ್ಟುತ್ತದೆ. ಮಗಳು ತಾಯಿಯ ಪಡಿಯಚ್ಚು. ಒಂದೊಂದು ಸೀಮೆಯ ಧಾಮಣಕ್ಕೆ ಒಂದೊಂದು ಮುಖಲಕ್ಷಣ ಉಳಿದುಬಂದಿರುವುದಕ್ಕೆ ಇದೂ ಒಂದು ಕಾರಣ. ಒಂದು ಸೀಮೆಯ ಧಾಮಣ ಅಳಿದರೆ ಆ ಮುಖ ಮತ್ತೆ ಹುಟ್ಟುವುದು ದುರ್ಲಭ.

ಹಾಗೆಂದು ಯಾವ ಹುಲ್ಲನ್ನು ಎಲ್ಲಿ ಬೇಕಾದರೂ ಬಿತ್ತಬಹುದೆಂದಲ್ಲ. ಮೇವಿಗೆಂದು ಅಮೆರಿಕಕ್ಕೆ ಒಯ್ದ ಇದೇ ಧಾಮಣ ಅರಿಜೋನಾದ ಮರುಭೂಮಿಯಲ್ಲಿ ಕಾಡುಬಿದ್ದು, ಒಣಗಿದಾಗ ಬೆಂಕಿ ಹಿಡಿದು, ಅಲ್ಲಿಯ ಶತಾಯುಷಿಗಳಾದ ಸಾಗುವಾರೊ ಕಳ್ಳಿಗಳನ್ನು ಸುಡುತ್ತಿದೆ. 2005ರಲ್ಲಿ ಆ ರಾಜ್ಯ ಅದನ್ನು ಪೀಡೆಯ ಕಳೆಯೆಂದು ಸಾರಿತು. ಮಾರವಾಡದಲ್ಲಿ ಮನೆಮಗಳಾದವಳು ಅಲ್ಲಿ ಮನೆಮುರುಕಿಯಾದಳು. ಹುಲ್ಲನ್ನು ಗುರುತಿಸಿದರಷ್ಟೇ ಸಾಲದು, ಅದರ ಊರನ್ನೂ ತಿಳಿದಿರಬೇಕು.

ಮುಂದಿನ ಭಾದ್ರಪದದಲ್ಲಿ ಯಾವುದಾದರೂ ಕುಟುಂಬ ಜೈಸಲ್ಮೇರಿಗೆ ಹೊರಟರೆ ಪೆಟ್ಟಿಗೆಯಲ್ಲಿ ಒಂದು ಭೂತಗಾಜಿಗೆ ಜಾಗ ಮಾಡಿಕೊಳ್ಳಬಹುದು. ಪೋಕರಣದ ನಿಲ್ದಾಣದ ಬೇಲಿಯಾಚೆಯಿಂದಲೇ ಪಾಠವನ್ನು ಆರಂಭಿಸಬಹುದು. ಮಕ್ಕಳ ಕಾಲುಚೀಲಕ್ಕೆ ಒಂದೂ ಮುಳ್ಳು ಹತ್ತದೆ ಮೃದುವಾದ ತೆನೆಗಳೇ ಕೈಗೆ ಸಿಕ್ಕುವ ಬಯಲು ಎದುರಾದರೆ, ಅಲ್ಲಿಯ ಊರಿನವರು ತಮ್ಮ ನೆಲವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆಂದು ಧೈರ್ಯವಾಗಿ ಹೇಳಬಹುದು.